ಇನ್ನೂರ ಹದಿನಾಲ್ಕರ ಅಂಗಿ

ಹುಟ್ಟಿಸಿದ ದೇವರು ಹುಟ್ಟಿದ ಸರ್ಟಿಫಿಕೇಟು ಕೊಡದೆ ಇರುತ್ತಾನೆಯೇ?

ಇರುತ್ತಾನೆ, ಸ್ವಾಮಿ. ಹುಲ್ಲಿನ ವಿಷಯ ಹೇಗೋ ಏನೋ, ಸರ್ಟಿಫಿಕೇಟಿನ ವಿಷಯದಲ್ಲಿ ಅವನು ಎಂದೋ ಕೈಯೆತ್ತಿಬಿಟ್ಟಿದ್ದಾನೆ. ನಾನು ಹೇಳುತ್ತಿರುವುದು ಅಪ್ಪಟ ನಿಜ. ಸುಳ್ಳಾದರೆ ನನ್ನ ಅರ್ಜಿಗಳಿಗೆ ಇನ್ನು ಮೇಲೆ ಯಾರ ಮರ್ಜಿಯೂ ಸಿಗದೆ ಹೋಗಲಿ. ವಲಸೆ ಕಚೇರಿಯ ಮೆಟ್ಟಿಲ ಕೆಳಗೆ ಹನ್ನೊಂದು ವರ್ಷದಿಂದ ಫಾರಂ ತುಂಬಿಕೊಡುತ್ತ ಕೂತವನಿಗೆ ಇದಕ್ಕಿಂತ ದೊಡ್ಡ ಶಾಪವಿಲ್ಲ.

ಈ ನಿಜ ಶುರುವಾದದ್ದು ಒಂದು ಸದ್ದಿನಿಂದ.

ಖಟಕ್.

"ಹಾಕ್ಬಿಟ್ಟನಾ?" ಅಂದರು ದೊಡ್ಡಮ್ಮ, ರಿಜಿಸ್ಟರಿನಿಂದ ತಲೆಯೆತ್ತದೆ.

"ಹಾಕ್ಬಿಟ್ಟ."

ಗಂಟೆ ಒಂದು. ರೆಕಾರ್ಡ್ ರೂಮಿಗೆ ಊಟದ ಬೀಗ. ಯಾವುದೋ ಕಾಲದಲ್ಲಿ ಊಟದ ಹೊತ್ತಿಗೆ ಒಂದು ಹಾಳೆ ಯಾರದೋ ಬುತ್ತಿ ಡಬ್ಬಿಯಲ್ಲಿ ಮಲಗಿಕೊಂಡು ಹೊರಗೆ ಹೋಯಿತಂತೆ. ಅಂದಿನಿಂದ ಒಂದಕ್ಕೆ ಸರಿಯಾಗಿ ಜವಾನ ಹೊರಗಿನಿಂದ ಬೀಗ ಜಡಿಯುತ್ತಾನೆ, ಎರಡಕ್ಕೆ ತೆಗೆಯುತ್ತಾನೆ. ಒಳಗೆ ಯಾರಿದ್ದಾರೆಂದು ಇಣುಕಿಯೂ ನೋಡುವುದಿಲ್ಲ. ಹಾಳೆ ಹೊರಗೆ ಹೋಗಬಾರದು, ಅಷ್ಟೆ. ಮನುಷ್ಯರು ಒಳಗೆ ಉಳಿದರೆ ಕಚೇರಿಗೇನು?

ಅಂದು ಒಳಗೆ ಉಳಿದವರು ನಾಲ್ಕು ಜನ.

ಒಬ್ಬರು ನನ್ನ ದೊಡ್ಡಮ್ಮ. ಇದೇ ಕಚೇರಿಯ ಸೀಲು ಹೊಡೆಯುವ ಕೌಂಟರಿನಲ್ಲಿ ಮೂವತ್ತಮೂರು ವರ್ಷ ಕುಟ್ಟಿ ನಿವೃತ್ತರಾದವರು. ಊರೆಲ್ಲ ಸೀಲಮ್ಮ ಅನ್ನುತ್ತದೆ. ಕಳೆದ ಕಾಗದ ಹುಡುಕಿಕೊಡುವುದರಲ್ಲಿ ಅವರಿಗೆ ಪೊಲೀಸರೂ ಕೈಮುಗಿಯಬೇಕು. ಇನ್ನೊಬ್ಬ ನಾನು, ಅವರ ಬಾಯಲ್ಲಿ "ಮಿಮಿಕ್ರಿ". ಮೂರನೆಯವನು ಎದುರು ಬೀದಿಯ ಟೈಲರಣ್ಣ. ನಾಲ್ಕನೆಯವನು ಈ ರೂಮನ್ನು ನೋಡಿಕೊಳ್ಳುವ ಮನುಷ್ಯ. ಹರಿದ ಪುಸ್ತಕ ಹೊಲಿಯಲು ಮೂವತ್ತು ವರ್ಷದ ಹಿಂದೆ ದಿನಗೂಲಿಗೆ ಬಂದು ಇಂದಿಗೂ ದಿನಗೂಲಿಯಲ್ಲೇ ಇರುವುದರಿಂದ ಅವನ ಹೆಸರು ಪರ್ಮನೆಂಟ್ ಟೆಂಪರರಿ. ಸುಲಭಕ್ಕೆ, ಟೆಂಪರರಿ.

ಟೈಲರಣ್ಣನ ಪೌರತ್ವದ ಪ್ರಮಾಣವಚನಕ್ಕೆ ಹೆಸರಿಲ್ಲದ ಪತ್ರವೊಂದು ಅಡ್ಡಗಾಲು ಹಾಕಿತೆಂಬಲ್ಲಿಗೆ ಹೋದ ವಾರ ನಿಂತಿದ್ದೆವಲ್ಲ, ಆ ಪತ್ರ ಈಗ ದೊಡ್ಡಮ್ಮನ ಎಡಗೈಯಲ್ಲಿತ್ತು. ಅದರಲ್ಲಿದ್ದದ್ದು ನಾಲ್ಕೇ ಸಾಲು. "ನಲವತ್ತೊಂದು ವರ್ಷದ ಹಿಂದಿನ ಹಡಗಿನ ರಿಜಿಸ್ಟರು ನೋಡಿ. ಇನ್ನೂರ ಹದಿನಾಲ್ಕನೇ ನಂಬರಿನ ಮಗುವಿನ ಮೇಲೆ ಕೆಂಪು ಗೆರೆ ಇದೆ. ಆ ಮಗು ಸತ್ತಿದೆ. ಅದರ ಹೆಸರಿನಲ್ಲಿ ಪ್ರಮಾಣ ಮಾಡಲು ಹೊರಟವನು ಯಾರು?"

ಎರಡು ಗಂಟೆಗೆ ಕಚೇರಿಯ ಮುಖ್ಯಸ್ಥೆ ದೊಡ್ಡ ಮೇಡಂ ಫೈಲು ಹಿಡಿದು ಇದೇ ರೂಮಿಗೆ ಬರುವವರಿದ್ದರು. ಇನ್ನೂರ ಹದಿನಾಲ್ಕು ಬದುಕಿದ್ದ ಎಂಬುದಕ್ಕೆ ಕಾಗದ ಸಿಕ್ಕರೆ ನಾಲ್ಕು ಗಂಟೆಗೆ ಟೈಲರಣ್ಣ ಕೈಯೆತ್ತಿ ಪ್ರಮಾಣ ಮಾಡಿ ಪ್ರಜೆಯಾಗುತ್ತಾನೆ. ಸಿಗದಿದ್ದರೆ "ತಿರಸ್ಕೃತ" ಎಂಬ ಸೀಲು, ಹಿಂದೆಯೇ ಒಂದು ವ್ಯಾನು, ವ್ಯಾನಿನ ಕೊನೆಗೆ ಬಂದರಿನ ಶೆಡ್ಡು. ಶೆಡ್ಡಿಗೆ ಹೋದವರು ಮರಳುವುದು ಹಡಗಿಗೇ ಹೊರತು ಮನೆಗಲ್ಲ. ಐದು ವರ್ಷದ ಮಗುವಾಗಿದ್ದಾಗ ಬಿಟ್ಟು ಬಂದ ಆ ನೆಲದಲ್ಲಿ ಅವನನ್ನು ಕಂಡು ಬಾಲ ಅಲ್ಲಾಡಿಸಲು ಒಂದು ನಾಯಿಯೂ ಇಲ್ಲ. ಇಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅವನೇ ಹೊಲಿದ ಹೊಸ ಬಟ್ಟೆ ತೊಟ್ಟು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು.

"ಲೇ ಮಿಮಿಕ್ರಿ, ಬಾ ಇಲ್ಲಿ. ಈ ಗೆರೆ ಯಾವ ಬಣ್ಣ?"

"ಕೆಂಪು, ದೊಡ್ಡಮ್ಮ."

ಹಾಳೆ ತಿರುವಿದರು. "ಇದು?"

"ಕಪ್ಪು."

"ಸತ್ತೋರಿಗೆ ಕಪ್ಪು ಕಣೋ. ಕೆಂಪು ಅಂದ್ರೆ ಸತ್ತ ಅಂತಲ್ಲ, ಆಸ್ಪತ್ರೆ ಪುಸ್ತಕ ನೋಡಿ ಅಂತ. ಹಡಗಿಂದ ಇಳಿಯುವಾಗ ಜ್ವರ ಇದ್ದೋರನ್ನ ಬೇರೆ ಮಾಡಿ ಬಂದರಿನ ಆಸ್ಪತ್ರೆಗೆ ಹಾಕೋರು. ಇಲ್ಲಿ ಕೆಂಪು ಗೆರೆ ಎಳೆದು, ಅಲ್ಲಿ ಬರ್ಕೊಳ್ಳೋರು. ಕಂಪ್ಯೂಟರ್ ಬಂದ ಮೇಲೆ ಸೇರಿದೋರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗ್ಬೇಕು? ಕೆಂಪು ಕಂಡ್ರೆ ರಕ್ತ ಅಂದ್ಕೋತಾರೆ."

ಟೈಲರಣ್ಣ ಮೆಲ್ಲಗೆ ಕೇಳಿದ. "ಅಂದ್ರೆ ನಾನು ಸತ್ತಿಲ್ವಾ, ಅಮ್ಮಾ?"

"ಬೆವರ್ತಿದೀಯಲ್ಲ. ಸತ್ತೋರು ಬೆವರಲ್ಲಪ್ಪಾ."

ಬೆವರದೆ ಇರಲು ಅದೇನು ರೂಮೇ? ಹಾಳೆ ಹಾರುತ್ತವೆಂದು ಫ್ಯಾನು ಇಲ್ಲ. ಕಿಟಕಿ ಇರುವುದು ಸೂರಿನ ಹತ್ತಿರ, ಅಂಗೈ ಅಗಲ, ಅದಕ್ಕೂ ಕಬ್ಬಿಣದ ಸರಳು. ಎರಡು ರ‍್ಯಾಕುಗಳ ನಡುವೆ ಹೊಟ್ಟೆ ಒಳಗೆಳೆದುಕೊಂಡೇ ನಡೆಯಬೇಕು. ಸತ್ತವರು, ಬಂದವರು, ಹೋದವರು, ಎಲ್ಲರೂ ಹಗ್ಗ ಕಟ್ಟಿಸಿಕೊಂಡು ಕೂತ ಆ ಸಾಲುಗಳ ಮಧ್ಯೆ ಉಸಿರು ಬಿಟ್ಟರೂ ಅದು ಯಾರದೋ ಫೈಲಿಗೆ ಹೋಗಿ ತಾಗುತ್ತದೆ.

ಅಷ್ಟು ಸೆಖೆಯಲ್ಲೂ ಟೆಂಪರರಿಯ ತುಂಬುತೋಳಿನ ಅಂಗಿಗೆ ಮಣಿಕಟ್ಟಿನ ಗುಂಡಿ ಹಾಕಿಯೇ ಇತ್ತು. ತನ್ನ ಕುರ್ಚಿಯ ದಪ್ಪ ದಿಂಬಿನ ಮೇಲೆ ಕೂತು ಅವನು ಯಾವುದೋ ಪುಸ್ತಕದ ಬೆನ್ನು ಹೊಲಿಯುತ್ತಿದ್ದ.

"ಆ ವರ್ಷದ ಆಸ್ಪತ್ರೆ ಪುಸ್ತಕ ಎಲ್ಲಪ್ಪಾ?" ಅಂದರು ದೊಡ್ಡಮ್ಮ.

"ಮೊನ್ನೆ ಚೀಟಿ ಕೊಟ್ಟಿದ್ರಲ್ಲ ಸೀಲಮ್ಮನೋರೇ. ಚೀಟಿ ಮೇಲೇ ಬರೆದು ಕೊಟ್ಟಿದೀನಿ. ರ‍್ಯಾಕಿನಲ್ಲಿಲ್ಲ."

ಈ ರೂಮಿನಲ್ಲಿ ಚೀಟಿ ಇಲ್ಲದೆ ಹಲ್ಲಿಯೂ ಜಾಗ ಬದಲಿಸುವುದಿಲ್ಲ. ಬೇಕಾದ ಪುಸ್ತಕದ ಹೆಸರು ಬರೆದು ಚೀಟಿ ಕೊಡಬೇಕು. ಕೇಳಿದ್ದಷ್ಟೇ ಕೊಡುತ್ತಾನೆ, ಕೇಳಿದ್ದಕ್ಕಷ್ಟೇ ಉತ್ತರ.

ದೊಡ್ಡಮ್ಮ ನನ್ನನ್ನು ಮೂಲೆಗೆ ಎಳೆದರು. "ಅವನು ಸುಳ್ಳಾಡೋ ಪೈಕಿ ಅಲ್ಲ ಕಣೋ. ರ‍್ಯಾಕಿನಲ್ಲಿಲ್ಲ ಅಂದ. ರೂಮಿನಲ್ಲಿಲ್ಲ ಅನ್ಲಿಲ್ಲ."

"ಇವನ ಮೇಲೆ ಅನುಮಾನಾನಾ? ಇರುವೆನೂ ತುಳೀದ ಪ್ರಾಣಿ ಇದು!"

"ಪತ್ರದ ಮಡಿಕೆ ನೋಡು." ಪತ್ರವನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೀನು ನಾನು ಮಡಿಸಿದ್ರೆ ಹೀಗಾಗುತ್ತಾ? ಹಾಳೆ ಮಡಿಸಿ, ಮೇಲೆ ಮಡಿಕೆ ಕೂರಿಸೋ ಮೂಳೆಪಟ್ಟಿ ಎಳೆದಿದಾರೆ. ಬ್ಲೇಡಿನ ಥರ ಕೂತಿದೆ. ಹಾಗೆ ಮಡಿಸೋರು ಬೈಂಡಿಂಗ್ ಕೆಲಸದೋರು. ಈ ಕಚೇರೀಲಿ ಬೈಂಡಿಂಗ್ ಮಾಡೋನು ಒಬ್ಬನೇ."

ಹಾಗಾದರೆ ನಾವು ಬೀಗದೊಳಗೆ ಕೂತಿರುವುದು ಆ ಪತ್ರ ಬರೆದವನ ಜೊತೆ!

ದೊಡ್ಡಮ್ಮ ಸೀದಾ ಹೋಗಿ ಅವನ ಮೇಜಿನ ಮುಂದೆ ನಿಂತರು.

"ಕೆಂಪು ಗೆರೆ ಅಂದ್ರೇನು ಅಂತ ನಿನಗೆ ಗೊತ್ತಿತ್ತಾ, ಇಲ್ವಾ?"

ಸೂಜಿ ನಿಂತಿತು. "ಗೊತ್ತಿತ್ತು."

"ಮೂರು ದಿನದಿಂದ ಇವನ ಹೆಂಡತಿ ಮಕ್ಕಳು ಆ ಬೆಂಚಲ್ಲಿ ಕೂತು ಅಳ್ತಿದಾರೆ. ಬಾಯಿ ಬಿಡೋಕೇನಾಗಿತ್ತು ನಿನಗೆ?"

"ನನ್ನ ಯಾರೂ ಕೇಳ್ಲಿಲ್ಲ."

"ಥೂ ನಿನ್ನ! ಮನೆಗೆ ಬೆಂಕಿ ಬಿದ್ರೂ ಚೀಟಿ ಕೇಳ್ತೀಯಾ?"

ಟೈಲರಣ್ಣ ಎದ್ದು ಬಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಂಗಲಾಚುವಿಕೆಯೇ ಹೆಚ್ಚು. "ಅಣ್ಣಾ, ನಿಮ್ಮ ಅಂಗಿಯೆಲ್ಲ ನಾನೇ ಹೊಲಿದಿದ್ದು. ಬಲಗೈ ಕಫ್ ಒಂದಿಂಚು ಉದ್ದ ಇರ್ಲಿ ಅಂದ್ರಿ, ಯಾಕೆ ಅಂತ ಒಂದಿನವೂ ಕೇಳ್ಲಿಲ್ಲ ನಾನು. ನನಗೆ ನೀವು ಯಾಕೆ ಹೀಗೆ ಮಾಡ್ತೀರಿ?" ಅಂಗಿಯ ಜೇಬಿನಿಂದ ಒಂದು ಬಟ್ಟೆಯ ತುಂಡು ತೆಗೆದು ಮೇಜಿನ ಮೇಲಿಟ್ಟ. ಹಳದಿಗಟ್ಟಿದ ಬಿಳಿ ಪಟ್ಟಿ. ಅದರ ಮೇಲೆ ಕಪ್ಪು ದಾರದಲ್ಲಿ ಹೊಲಿದ ಅಂಕಿ, ಇನ್ನೂರ ಹದಿನಾಲ್ಕು. "ಆಸ್ಪತ್ರೆಯಿಂದ ಬಂದಾಗ ನನ್ನ ಅಂಗಿ ಮೇಲಿತ್ತು ಇದು. ಚಿಕ್ಕಮ್ಮ ಸಾಯೋವರೆಗೂ ಟ್ರಂಕಿನಲ್ಲಿ ಇಟ್ಕೊಂಡಿದ್ರು. ಅವರು ನನ್ನ ಮುಖ ಕೂಡ ನೋಡಿರ್ಲಿಲ್ಲ, ಈ ನಂಬರು ಹಿಡ್ಕೊಂಡು ಗೇಟಿಗೆ ಬಂದು ಕರ್ಕೊಂಡು ಹೋದ್ರು. ನನ್ನ ತಲೇಲಿರೋ ಮೊದಲನೇ ನೆನಪೇ ಆ ಅಂಗಿ. ತೋಳು ಎಷ್ಟು ಉದ್ದ ಅಂದ್ರೆ ಕೈಯೇ ಕಾಣ್ತಿರ್ಲಿಲ್ಲ. ರಾತ್ರಿಯೆಲ್ಲ ಕೂತು ಚಿಕ್ಕಮ್ಮ ಸಣ್ಣ ಮಾಡಿದ್ರು. ಅದನ್ನ ನೋಡ್ತಾ ನೋಡ್ತಾನೇ ನಾನು ಟೈಲರ್ ಆಗಿದ್ದು."

ಟೆಂಪರರಿ ಆ ಪಟ್ಟಿಯನ್ನು ನೋಡಿದ. ಮುಟ್ಟಲಿಲ್ಲ.

ಒಂದೂ ಇಪ್ಪತ್ತು.

"ಲೇ," ಅಂದರು ದೊಡ್ಡಮ್ಮ ನನ್ನ ಕಡೆ ತಿರುಗಿ, "ಹಿಂದಿನ ಕೋಣೆಯಿಂದ ಅಂಟಿನ ಡಬ್ಬಿ ತಗೊಂಡ್ಬಾ."

ಅಂಟಿನ ಡಬ್ಬಿ ಅಂದರೆ ನಮ್ಮಿಬ್ಬರ ಸಂಕೇತ. ಯಾರನ್ನಾದರೂ ದನಿ ಬದಲಿಸಿ ಬೇಸ್ತು ಬೀಳಿಸಿ ಅಂಟಿಸಬೇಕು ಅಂತ ಅರ್ಥ.

ಹಿಂದಿನ ಬೈಂಡಿಂಗ್ ಕೋಣೆಯಲ್ಲಿ ಒಂದು ಇಂಟರ್‌ಕಾಮ್ ಫೋನು. ಮುಂದೆ ಅವನ ಮೇಜಿನ ಮೇಲೆ ಇನ್ನೊಂದು. ನಾನು ಕರವಸ್ತ್ರ ಮಡಿಸಿ ರಿಸೀವರಿನ ಮೇಲಿಟ್ಟು, ಗಂಟಲನ್ನು ದೊಡ್ಡ ಮೇಡಂ ಅಳತೆಗೆ ತಂದುಕೊಂಡೆ. ಮೇಡಂ ಅವರ ದನಿ ಕಷ್ಟದ್ದಲ್ಲ. ಮಾತಿಗೆ ಮುಂಚೆ ಎರಡು ಸಲ ಕೆಮ್ಮು, ಮಾತಿನ ಕೊನೆಗೆ ಒಂದು ಬೆದರಿಕೆ, ನಡುವೆ ಮೂಗು.

"ಹ್ಞೂಂ... ಹ್ಞೂಂ... ನೋಡ್ರೀ, ಎರಡು ಗಂಟೆಗೆ ತಪಾಸಣೆಯವರು ನನ್ನ ಜೊತೆ ಬರ್ತಿದಾರೆ. ನೆಲ ಗೋಡೆ ಎಲ್ಲ ಜಾಲಾಡ್ತಾರೆ. ಅದಕ್ಕೆ ಮುಂಚೆ ಆ ಆಸ್ಪತ್ರೆ ಪುಸ್ತಕ ಟೇಬಲ್ ಮೇಲಿರ್ಬೇಕು. ಚೀಟಿ ಆಮೇಲೆ ಕಳಿಸ್ತೀನಿ. ತಿಳೀತೇನ್ರೀ?"

ಆ ಕಡೆ ಸೂಜಿಯನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ, "ಆಯ್ತು, ಮೇಡಂ."

ನಾನು ರ‍್ಯಾಕಿನ ಸಂದಿಯಿಂದ ಇಣುಕಿದೆ. ಟೆಂಪರರಿ ಎದ್ದ. ಬೀರುವಿನ ಕಡೆ ಹೋಗಲಿಲ್ಲ, ಗೋಡೆಯ ಕಡೆಯೂ ಹೋಗಲಿಲ್ಲ. ತನ್ನ ಕುರ್ಚಿಯ ದಿಂಬನ್ನು ಎತ್ತಿ ಮೇಜಿನ ಮೇಲಿಟ್ಟು, ಬೈಂಡಿಂಗ್ ಚಾಕುವಿನಿಂದ ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಬಟ್ಟೆಯೊಳಗಿಂದ ಕಂದು ಬೆನ್ನಿನ ಒಂದು ಪುಸ್ತಕ ಹೊರಗೆ ಬಂತು.

ಕಡತದ ಮೇಲೆ ಕೂತವರನ್ನು ಈ ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅಕ್ಷರಶಃ ಕೂತವನನ್ನು ಕಂಡದ್ದು ಅವತ್ತೇ.

"ಸಿಕ್ತು!" ಟೈಲರಣ್ಣ ಚಪ್ಪಾಳೆ ತಟ್ಟಿಬಿಟ್ಟ. ನಾನು ಕರವಸ್ತ್ರ ಬೀಸುತ್ತ ಹೊರಗೆ ಬಂದು, ಮೇಡಂ ದನಿಯಲ್ಲೇ "ತಿಳೀತೇನ್ರೀ?" ಅಂದೆ. ದೊಡ್ಡಮ್ಮನ ಹೊಟ್ಟೆ ಕುಣಿಯಿತು. ಮೂರು ದಿನದ ಮೇಲೆ ಟೈಲರಣ್ಣನ ಹಲ್ಲು ಕಂಡವು. ಬೀಗದೊಳಗಿನ ನಗುವಿಗೆ ಒಂಥರಾ ಪ್ರತಿಧ್ವನಿ.

"ಫೋನ್ ಮಾಡಿದ್ದು ಇವನೇ ಕಣಪ್ಪಾ," ಅಂದರು ದೊಡ್ಡಮ್ಮ.

"ಗೊತ್ತು," ಅಂದ ಟೆಂಪರರಿ.

ನಮ್ಮ ನಗು ಅರ್ಧಕ್ಕೆ ನಿಂತಿತು.

"ಹಿಂದಿನ ಕೋಣೆ ಫೋನು ಇಲ್ಲಿ ಒಂದೇ ಸಲ ಬಡಿಯುತ್ತೆ ತಮ್ಮಾ. ಹೊರಗಿಂದ ಬಂದ್ರೆ ಎರಡು. ವೈರ್ ಎಳೆದಿದ್ದೇ ನಾನು. ಅದೂ ಅಲ್ದೆ, ಮೇಡಂ ದನಿ ಸರಿಯಾಗೇ ತೆಗೆದೆ, ಮರ್ಯಾದೆ ಮಾತ್ರ ಜಾಸ್ತಿ ಹಾಕ್ಬಿಟ್ಟೆ. ಅವರು ನನಗೆ ಒಂದಿನವೂ 'ರೀ' ಅಂದಿಲ್ಲ. 'ಏಯ್ ಟೆಂಪರರಿ' ಅಂತಾರೆ."

"ಗೊತ್ತಿದ್ದೂ ಯಾಕೆ ತೆಗೆದ್ರಿ?" ಅಂದೆ.

"ಮೊನ್ನೆ ಚೀಟಿ ಬಂದಾಗ್ಲೇ ತೆಗೀಬೇಕಿತ್ತು. ಬಾಗಿಲಲ್ಲಿ ಇವನ ಮಕ್ಕಳು ನಿಂತಿದ್ವು, ಕೈ ಬರ್ಲಿಲ್ಲ. ಇವತ್ತು ಬೀಗ ಬಿದ್ದಿದೆ. ಇವನಿಗೂ ಓಡೋಕೆ ಜಾಗ ಇಲ್ಲ, ನನಗೂ ಇಲ್ಲ. ಅದೂ ಅಲ್ದೆ, ಈ ಕಚೇರಿ ನನಗೆ ಮರ್ಯಾದೆ ಕೊಟ್ಟು ಏನಾದ್ರೂ ಕೇಳಿದ್ದು ಇದೇ ಮೊದಲು. ಸುಳ್ಳು ದನಿ ಆದ್ರೇನಂತೆ." ಪುಸ್ತಕವನ್ನು ದೊಡ್ಡಮ್ಮನ ಕಡೆ ತಳ್ಳಿದ. "ನಲವತ್ತನೇ ಪುಟ. ಜೋರಾಗಿ ಓದಿ."

ದೊಡ್ಡಮ್ಮ ಕನ್ನಡಕ ಏರಿಸಿದರು.

"ನಂಬರ್ ಇನ್ನೂರ ಹದಿನಾಲ್ಕು. ಗಂಡು, ಸುಮಾರು ಐದು ವರ್ಷ. ಜ್ವರ. ಗುಣವಾಯಿತು. ಚಿಕ್ಕಮ್ಮನಿಗೆ ಒಪ್ಪಿಸಿದೆ."

"ನೋಡಿ! ನೋಡಿ!" ಅಂದ ಟೈಲರಣ್ಣ. "ಬದುಕಿದ್ದೆ ನಾನು!"

"ಇನ್ನೂ ಇದೆ," ಅಂದ ಟೆಂಪರರಿ. "ಗುರುತು ಓದಿ. ಗುರುತು ಬರ್ಕೊಳ್ತಿದ್ದಿದ್ದು ಸೇರಿಸ್ಕೊಂಡ ದಿನ, ಅಂಗಿ ಬಿಚ್ಚಿಸೋ ಮುಂಚೆ."

ದೊಡ್ಡಮ್ಮನ ಬೆರಳು ಸಾಲಿನ ಮೇಲೆ ನಿಧಾನವಾಯಿತು. "ಗುರುತು: ಬಲಗೈ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ. ತ್ರಿಕೋನ."

ಟೈಲರಣ್ಣ ತನ್ನ ಬಲಗೈಯನ್ನು ತಿರುಗಿಸಿ ನೋಡಿದ. ಇನ್ನೊಮ್ಮೆ ತಿರುಗಿಸಿದ. ಸೂಜಿ ಚುಚ್ಚಿದ ಬೆರಳುಗಳಿದ್ದವು, ನರಗಳಿದ್ದವು. ಮಣಿಕಟ್ಟು ಮಾತ್ರ ಒಗೆದ ಬಟ್ಟೆಯ ಹಾಗೆ ಖಾಲಿ.

ಟೆಂಪರರಿ ಬಲಗೈ ಕಫಿನ ಗುಂಡಿ ಬಿಚ್ಚಿದ. ಒಂದಿಂಚು ಉದ್ದ ಹೊಲಿಸಿದ್ದ ಕಫು ಮೇಲೆ ಸರಿಯಿತು. ಅದರ ಕೆಳಗೆ, ಮುದುಡಿದ ಎಲೆಯಂತೆ, ಮೂರು ಮೂಲೆಯ ಹಳೆಯ ಕಲೆ.

"ಅಂಗಿ ಕುದಿಸೋರು ಅಲ್ಲಿ," ಅಂದ. "ದೊಡ್ಡ ಹಂಡೆ. ನಂಬರು ಹೊಲಿದಿರ್ತಿದ್ದಿದ್ದು ಅಂಗಿಗೆ, ಹುಡುಗನಿಗಲ್ಲ. ಒಣಗಿದ ಮೇಲೆ ಆಯಾ ಕೈಗೆ ಸಿಕ್ಕಿದ್ದನ್ನ ಸಿಕ್ಕಿದೋರಿಗೆ ತೊಡಿಸೋಳು. ನನಗೆ ಬಂದಿದ್ದು ಎಷ್ಟು ಬಿಗಿ ಅಂದ್ರೆ ಗುಂಡಿ ಹಾಕೋಕೇ ಆಗ್ಲಿಲ್ಲ. ನಂದು ಯಾರಿಗೋ ಉದ್ದ ಆಗಿರ್ಬೇಕು ಅಂತ ಅವತ್ತೇ ಅಂದ್ಕೊಂಡೆ."

ಟೈಲರಣ್ಣ ಸ್ಟೂಲು ಎಳೆದುಕೊಂಡು ಕೂತ.

"ಚಿಕ್ಕಮ್ಮ ಬಂದ್ರು, ನಂಬರು ನೋಡಿದ್ರು, ನಿನ್ನ ಎತ್ಕೊಂಡ್ರು. ನಾನು ಕಂಬಿ ಹಿಂದೆ ನಿಂತು 'ಅದು ನಾನು, ಅದು ನಾನು' ಅಂತ ಕೂಗ್ದೆ. ಜ್ವರ ನೆತ್ತಿಗೇರಿದೆ ಅಂತ ಒಳಗೆ ಎಳ್ಕೊಂಡು ಹೋದ್ರು." ಅವನು ಪುಟ ತಿರುವಿದ. "ಸೀಲಮ್ಮನೋರೇ, ಈಗ ಇದನ್ನ ಓದಿ."

"ನಂಬರ್ ಇನ್ನೂರ ಹದಿನೈದು," ದೊಡ್ಡಮ್ಮ ಓದುತ್ತ ಹೋದರು. "ಗಂಡು, ಸುಮಾರು ಐದು. ಗುಣವಾಯಿತು. ಗುರುತು ಇಲ್ಲ. ತಂದೆ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೇಳಿಕೊಂಡು ಬಂದವರಿಲ್ಲ. ಮುಂದಿನ ಹಡಗಿನಲ್ಲಿ ವಾಪಸ್ ಕಳಿಸತಕ್ಕದ್ದು." ಕೆಳಗೆ ಬೇರೆ ಶಾಯಿ. "ಮಗು ಕಾಣೆಯಾಗಿದೆ. ಆದೇಶ ಜಾರಿಯಲ್ಲಿರುತ್ತದೆ."

"ಇಂದಿಗೂ ಇದೆ," ಅಂದ ಟೆಂಪರರಿ. "ಆ ನಂಬರಿನ ಅಂಗಿ ನನ್ನ ಮೈಮೇಲಿತ್ತಲ್ಲ. ಹಡಗು ಬರೋ ಹಿಂದಿನ ದಿನ ಆಸ್ಪತ್ರೆಯ ಬೈಂಡಿಂಗ್‌ನವರು ನನ್ನನ್ನ ಚೀಲದಲ್ಲಿ ಹಾಕ್ಕೊಂಡು ಮನೆಗೆ ಹೋದ್ರು. ಅಪ್ಪ ಅಂತ ಕರೆದಿದ್ದು ಅವರನ್ನೇ. ಈ ಪುಸ್ತಕ ಬಚ್ಚಿಟ್ಟಿದ್ದೂ ಅವರೇ. ಮೂರು ಸಲ ಪರ್ಮನೆಂಟ್ ಮಾಡ್ತೀವಿ, ಕಾಗದ ತಗೊಂಡ್ಬಾ ಅಂದ್ರು. ಮೂರು ಸಲವೂ ನನಗೆ ಹೊಟ್ಟೆನೋವು ಬಂತು."

ಊರಿನವರ ಕಾಗದವನ್ನೆಲ್ಲ ಕಾಯುವವನಿಗೆ ಕಾಗದವೇ ಇಲ್ಲ. ಈ ರೂಮಿನ ಬೀಗ ಅವನಿಗೆ ಊಟದ ಹೊತ್ತಿನದಷ್ಟೇ ಅಲ್ಲ.

"ಪತ್ರ?" ಅಂದೆ ನಾನು.

"ಇವತ್ತು ನಾಲ್ಕಕ್ಕೆ ಇವನು ಕೈಯೆತ್ತಿದ್ರೆ ಇನ್ನೂರ ಹದಿನಾಲ್ಕು ಮುಚ್ಚಿಹೋಗುತ್ತೆ. ಒಂದು ನಂಬರಿಗೆ ಒಂದೇ ಪ್ರಮಾಣ. ಆಮೇಲೆ ನಾನು ಹುಟ್ಟೇ ಇಲ್ಲ. ತಡ್ಕೊಳ್ಳೋಕಾಗ್ಲಿಲ್ಲ, ಸತ್ತಿದೆ ಅಂತ ಬರೆದ್ಬಿಟ್ಟೆ." ಟೈಲರಣ್ಣನ ಕಡೆ ನೋಡಿದ. "ನಿನ್ನ ಮೇಲೆ ಸಿಟ್ಟಿಲ್ಲ ಕಣಪ್ಪಾ. ನೀನು ಹೊಲಿದ ಅಂಗಿ ಎಲ್ಲ ಅಳತೆಗೆ ಸರಿಯಾಗೇ ಇದ್ವು."

ಟೈಲರಣ್ಣನ ಕೈ ಬಟ್ಟೆಪಟ್ಟಿಯ ಕಡೆ ಹೋಯಿತು. ಹಿಂದೆ ಬಂತು. ಮತ್ತೆ ಹೋಯಿತು. "ನನ್ನ ಅಪ್ಪ... ಅಲ್ಲೇ ತೀರ್ಕೊಂಡ್ರಾ?" ಅಂದ.

ಪುಸ್ತಕ ಮೇಜಿನ ಮೇಲಿದ್ದರೆ ಟೈಲರಣ್ಣ ಇನ್ನೂರ ಹದಿನೈದು. ನಲವತ್ತೊಂದು ವರ್ಷದ ಆದೇಶ, ಶೆಡ್ಡು, ಹಡಗು. ಪುಸ್ತಕ ದಿಂಬಿಗೆ ಹೋದರೆ ಕೆಂಪು ಗೆರೆಗೆ ಉತ್ತರವಿಲ್ಲ. ಆಗಲೂ ಶೆಡ್ಡೇ. ಆ ಒಂದು ಪುಟವನ್ನು ಮೇಡಂ ಕಣ್ಣು ಗುರುತಿನ ಸಾಲಿಗೆ ಹೋಗದಂತೆ ತೋರಿಸಿದರೆ? ಟೈಲರಣ್ಣ ಉಳಿಯುತ್ತಾನೆ, ಎದುರಿಗಿರುವವನು ಎಂದೆಂದಿಗೂ ಹುಟ್ಟದೆ ಹೋಗುತ್ತಾನೆ. ದೊಡ್ಡಮ್ಮನ ಹೆಬ್ಬೆರಳು ಆ ಸಾಲಿನ ಮೇಲೇ ಇತ್ತು. ಅದನ್ನು ಮುಚ್ಚಿಕೊಂಡಿತ್ತೋ ತೋರಿಸುತ್ತಿತ್ತೋ, ಮೂವತ್ತಮೂರು ವರ್ಷ ಸೀಲು ಒತ್ತಿದ ಆ ಹೆಬ್ಬೆರಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಗಂಟೆ ಎರಡು. ಕಾರಿಡಾರಿನಲ್ಲಿ ಬೂಟಿನ ಸದ್ದು. ಕೀಲಿಗೊಂಚಲಿನ ಸದ್ದು. ಆಮೇಲೆ, ಬಾಗಿಲಿಗೆ ಹತ್ತಿಕೊಂಡಂತೆ, ಅಸಲಿ ಗಂಟಲು.

"ಹ್ಞೂಂ... ಹ್ಞೂಂ... ಏಯ್ ಟೆಂಪರರಿ! ಒಳಗಿದೀಯೇನೋ?"

ಟೈಲರಣ್ಣ, ಟೆಂಪರರಿ ಇಬ್ಬರೂ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ನನ್ನ ಮುಖ ನೋಡಿದರು, ನನ್ನ ಗಂಟಲಲ್ಲಿ ಇನ್ನೂ ಯಾವುದಾದರೂ ದನಿ ಉಳಿದಿದೆಯೇನೋ ಎಂಬಂತೆ. ಬೀಗದೊಳಗೆ ಕೀಲಿ ಅರ್ಧ ತಿರುಗಿತು.

ಟೆಂಪರರಿ ತೋಳು ಇಳಿಸಿಕೊಳ್ಳಲಿಲ್ಲ. ಕಲೆಯಿದ್ದ ಕೈಯನ್ನು ತೆರೆದ ಪುಟದ ಪಕ್ಕದಲ್ಲೇ ಇಟ್ಟು ನನ್ನ ಕಡೆ ಬಾಗಿದ.

"ಏನ್ ತಮ್ಮಾ, ಸುಮ್ಮನೆ ನಿಂತೆ? ಮೇಡಂ ದನಿ ತೆಗಿ. 'ಆಮೇಲೆ ಬನ್ರೀ' ಅನ್ನು ಅವರಿಗೆ. ಮರ್ಯಾದೆ ಕೊಟ್ಟು ಹೇಳು, ಕೇಳ್ತಾರೆ!"

ಅಂದವನೇ ನಗಲು ಶುರುಮಾಡಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ರ‍್ಯಾಕಿನ ತಗಡು ನಡುಗುವಂತೆ. ಮೂವತ್ತು ವರ್ಷದಲ್ಲಿ ಯಾರೂ ಕೇಳದ ಆ ನಗು ಕೇಳಿ, ಬಾಗಿಲಾಚೆ ಕೀಲಿ ಹಿಡಿದ ಕೈ ಗಕ್ಕನೆ ನಿಂತಿತು. ನಾವು ಮೂವರೂ ಬಾಗಿಲನ್ನೇ ನೋಡುತ್ತಿದ್ದೆವು. ನಾವು ಬೇಸ್ತು ಬೀಳಿಸಲು ಹೋದವನೊಬ್ಬನೇ ಮೇಜಿಗೆ ಹಣೆಯಿಟ್ಟು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.